ಸೋಂಕು ಹರಡುವ ಲೆಕ್ಕ ಕಲಿಸುವ ಎಂಟು ವಾರದ ಕೋರ್ಸ್: ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ, ಯಾಕೆ ಅಂದರೆ

ಸೇರಬಹುದಾ ಅಂತ ಕೇಳಿದರೆ, ಸೇರಿ ಅನ್ನುತ್ತೇನೆ. ಆದರೆ ಐದನೇ ವಾರದ ಪಾಠ ಬಂದಾಗ ಒಂದು ಹಾಳೆ, ಒಂದು ಪೆನ್ನು ಪಕ್ಕಕ್ಕೆ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ ನೋಡಿ. ಅಲ್ಲಿ ಒಂದು ದೊಡ್ಡ ವಿಷಯವನ್ನು ಹಾಗೇ ಬಿಟ್ಟು ಮುಂದೆ ಹೋಗಿದ್ದಾರೆ. ಒಂದು ಸ್ಟಾರ್ ಕಡಿಮೆ ಆಗಿದ್ದು ಆ ಕಾರಣಕ್ಕೇ.

ಕೋರ್ಸಿನ ಹೆಸರು ಹಾಕಿಲ್ಲ. ಇದೇ ಪಾಠಪಟ್ಟಿ, ಇವೇ ಉದಾಹರಣೆಗಳು ಇರುವ ಆನ್‌ಲೈನ್ ಕೋರ್ಸ್‌ಗಳು ಬೇಕಾದಷ್ಟಿವೆ. ನೀವು ಯಾವುದಕ್ಕೆ ಸೇರಿದರೂ ಇಲ್ಲಿ ಬರೆದದ್ದು ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಸೇರಿದ್ದಕ್ಕೆ ಕಾರಣ 2020ರ ಕೋವಿಡ್. ಆಗ ಬೆಳಗಾದರೆ ಗ್ರಾಫ್, ರಾತ್ರಿಯಾದರೆ ಗ್ರಾಫ್. ಒಬ್ಬರು ಲಕ್ಷ ಅಂದರೆ ಇನ್ನೊಬ್ಬರು ಕೋಟಿ ಅನ್ನುತ್ತಿದ್ದರು. ಮನೆಯಲ್ಲಿ ಗಣಿತ ಓದಿದವಳು ನಾನೊಬ್ಬಳೇ, ಹಾಗಾಗಿ ಅಮ್ಮ ದಿನಾ ಕೇಳೋರು, "ಇದು ಯಾವಾಗ ಇಳಿಯುತ್ತೆ ಹೇಳೇ" ಅಂತ. ನನಗೆ ಹೇಳಲು ಬರಲಿಲ್ಲ. ಡಿಗ್ರಿಯಲ್ಲಿ ಕ್ಯಾಲ್ಕುಲಸ್ ಪಾಸಾಗಿದ್ದೆ, ಆದರೆ ಆ ಗೆರೆ ಯಾಕೆ ಏರುತ್ತೆ, ಯಾಕೆ ತಾನಾಗೇ ಬಾಗುತ್ತೆ ಅನ್ನೋದು ಗೊತ್ತಿರಲಿಲ್ಲ. ಅದು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಕೊನೆಗೂ ಎಂಟು ವಾರ ಬಿಡುವು ಮಾಡಿಕೊಂಡು ಸೇರಿದೆ.

ಮೊದಲ ವಾರ ಬರೀ ಇತಿಹಾಸ. ಬೇಜಾರಾಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ. 1760ರಲ್ಲಿ ಗಣಿತಜ್ಞ ಡೇನಿಯಲ್ ಬರ್ನೂಲಿ ಸಿಡುಬಿನ ಬಗ್ಗೆ ಹಾಕಿದ ಲೆಕ್ಕದಿಂದ ಶುರು ಮಾಡುತ್ತಾರೆ. ಆಗಿನ್ನೂ ಲಸಿಕೆ ಇರಲಿಲ್ಲ. ಸಿಡುಬಿನ ಗುಳ್ಳೆಯ ಕೀವನ್ನೇ ಆರೋಗ್ಯವಂತರಿಗೆ ಸ್ವಲ್ಪ ಚುಚ್ಚುತ್ತಿದ್ದರು. ಅದರಿಂದಲೂ ಕೆಲವರು ಸಾಯುತ್ತಿದ್ದರು. ಹಾಗಿದ್ದರೂ ಚುಚ್ಚಿಸಿಕೊಳ್ಳೋದು ಲಾಭವಾ ಅನ್ನೋದು ಅವರ ಪ್ರಶ್ನೆ. ಸಿಡುಬು ಇಲ್ಲದೇ ಹೋದರೆ ಸರಾಸರಿ ಆಯಸ್ಸು 26 ವರ್ಷ 7 ತಿಂಗಳಿಂದ 29 ವರ್ಷ 9 ತಿಂಗಳಿಗೆ ಏರುತ್ತೆ ಅಂತ ಲೆಕ್ಕ ಹಾಕಿ ತೋರಿಸಿದರು. ಜನರ ಜೀವದ ಪ್ರಶ್ನೆಗೆ ಸಮೀಕರಣದಿಂದ ಉತ್ತರ ಹುಡುಕಿದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಆಮೇಲೆ ರೊನಾಲ್ಡ್ ರಾಸ್ ಬರುತ್ತಾರೆ. 1897ರಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡುಹಿಡಿದು 1902ರಲ್ಲಿ ನೊಬೆಲ್ ತಗೊಂಡವರು. ಅವರು ಸಮೀಕರಣ ಬರೆದಿದ್ದರು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಸಾಕು, ರೋಗ ತಾನಾಗೇ ನಿಲ್ಲುತ್ತೆ ಅಂತ ಅವರು ಲೆಕ್ಕದಿಂದ ಹೇಳಿದ್ದರು. ಇಡೀ ಕೋರ್ಸು ನಿಂತಿರೋದು ಆ 'ಒಂದು ಮಟ್ಟ'ದ ಮೇಲೆ.

ಎರಡನೇ ವಾರ ಎಸ್‌ಐಆರ್ ಮಾಡೆಲ್. ಇದನ್ನು ಬಹಳ ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ಎಲ್ಲರನ್ನೂ ಮೂರು ಡಬ್ಬಿಗೆ ಹಾಕುತ್ತಾರೆ. ಎಸ್ ಅಂದರೆ ಇನ್ನೂ ಸೋಂಕು ತಗುಲದವರು, ಐ ಅಂದರೆ ಈಗ ಸೋಂಕು ಇರುವವರು, ಆರ್ ಅಂದರೆ ವಾಸಿಯಾದವರು ಅಥವಾ ತೀರಿಕೊಂಡವರು, ಒಟ್ಟಿನಲ್ಲಿ ಇನ್ನು ಹರಡದವರು. ಎಸ್‌ನಿಂದ ಐಗೆ ಎಷ್ಟು ಜೋರಾಗಿ ಹೋಗುತ್ತಾರೆ ಅನ್ನೋದಕ್ಕೆ ಬೀಟಾ. ಐಯಿಂದ ಆರ್‌ಗೆ ಎಷ್ಟು ಬೇಗ ಹೋಗುತ್ತಾರೆ ಅನ್ನೋದಕ್ಕೆ ಗ್ಯಾಮಾ. ಬೀಟಾವನ್ನು ಗ್ಯಾಮಾದಿಂದ ಭಾಗಿಸಿದರೆ ಬರೋದೇ ಎಲ್ಲರ ಬಾಯಲ್ಲಿ ಓಡಾಡಿದ ಆ ಆರ್ ನಾಟ್. ಯಾರಿಗೂ ರಕ್ಷಣೆ ಇಲ್ಲದ ಜನರ ನಡುವೆ ಒಬ್ಬ ರೋಗಿ ಸರಾಸರಿ ಎಷ್ಟು ಜನಕ್ಕೆ ಹಚ್ಚುತ್ತಾನೆ ಅನ್ನೋ ಸಂಖ್ಯೆ ಅದು.

ಮೇಡಂ ಹೇಳಿಕೊಡೋ ರೀತಿ ನನಗೆ ತುಂಬಾ ಹಿಡಿಸಿತು. ಸಮೀಕರಣವನ್ನು ಮೊದಲೇ ಬೋರ್ಡ್ ಮೇಲೆ ಹಾಕಲಿಲ್ಲ. ಮೊದಲು, "ನಾಳೆ ಹೊಸದಾಗಿ ಎಷ್ಟು ಜನಕ್ಕೆ ಬರಬಹುದು? ಅದು ಯಾವುದರ ಮೇಲೆ ನಿಂತಿದೆ?" ಅಂತ ಕೇಳಿದರು. ರೋಗ ಇರುವವರ ಸಂಖ್ಯೆಯ ಮೇಲೆ. ಸರಿ. ರೋಗ ಬರದವರ ಸಂಖ್ಯೆಯ ಮೇಲೂ ಅಲ್ವಾ? ಹೌದು. ಹಾಗಾದರೆ ಎರಡನ್ನೂ ಗುಣಿಸಿ. ಅಷ್ಟೇ. ಆ ಗುಣಾಕಾರದ ಒಳಗೇ ಗೆರೆ ಬಾಗುವ ಗುಟ್ಟು ಇದೆ. ರೋಗಿಗಳು ಎಷ್ಟೇ ಇರಲಿ, ಹೊಸಬರು ಸಿಗೋದು ಕಡಿಮೆ ಆದರೆ ಹರಡೋದು ಕಡಿಮೆಯಾಗಲೇಬೇಕು. ಅಮ್ಮನ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆ ವಿಡಿಯೋ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಈ ಸಮೀಕರಣ 1927ರದ್ದು, ಕರ್ಮಾಕ್ ಮತ್ತು ಮೆಕೆಂಡ್ರಿಕ್ ಅವರದು. ಮೆಕೆಂಡ್ರಿಕ್ ಭಾರತದಲ್ಲಿ ಕೆಲಸ ಮಾಡಿದ್ದ ಮಿಲಿಟರಿ ಡಾಕ್ಟರ್. ಕಸೌಲಿಯ ಪಾಸ್ಚರ್ ಸಂಸ್ಥೆ ನೋಡಿಕೊಂಡಿದ್ದವರು. ಕರ್ಮಾಕ್ ರಸಾಯನಶಾಸ್ತ್ರದವರು. 1924ರಲ್ಲಿ ಪ್ರಯೋಗಾಲಯದ ಅಪಘಾತದಲ್ಲಿ ಎರಡೂ ಕಣ್ಣು ಹೋಗಿತ್ತು. ಮೂರೇ ವರ್ಷದ ನಂತರ ಈ ಲೇಖನ. ಕೋರ್ಸಿನಲ್ಲಿ ಇದಕ್ಕೆ ಕೊಟ್ಟಿದ್ದು ಒಂದು ಸ್ಲೈಡ್ ಮಾತ್ರ. ನನಗೆ ಇನ್ನೂ ಕೇಳಬೇಕು ಅನ್ನಿಸಿತ್ತು.

ಮೂರನೇ ವಾರಕ್ಕೆ ಬರೋಣ. ನಾನು ಜಾಸ್ತಿ ಕಲಿತದ್ದು ಇಲ್ಲೇ. ಕೋಡ್ ಬರೆಯಲು ಬರದವರಿಗೆ ಸ್ಪ್ರೆಡ್‌ಶೀಟಿನಲ್ಲೇ ಮಾಡೆಲ್ ಕಟ್ಟಲು ಹೇಳುತ್ತಾರೆ. ಒಂದು ಸಾಲು ಅಂದರೆ ಒಂದು ದಿನ. ಮೂರು ಕಾಲಂ. ಇವತ್ತಿನ ಸಂಖ್ಯೆಯಿಂದ ನಾಳಿನದನ್ನು ಲೆಕ್ಕ ಹಾಕಿ ಕೆಳಕ್ಕೆ ಎಳೆಯೋದು. ಫ್ಲೂ ತರಹದ ರೋಗಕ್ಕೆ, ಆರ್ ನಾಟ್ 2 ಇಟ್ಟು ಮಾಡಿದೆ, ಚೆಂದದ ಗೆರೆ ಬಂತು. ಆಮೇಲೆ ದಡಾರಕ್ಕೆ ಮಾಡಿ ನೋಡೋಣ ಅಂತ, ದಡಾರದ ಆರ್ ನಾಟ್ 12ರಿಂದ 18ರವರೆಗೆ ಅನ್ನುತ್ತಾರಲ್ಲ, 15 ಹಾಕಿದೆ. ಹರಡುವ ಅವಧಿ 8 ದಿನ. 1,000 ಜನ, ಅವರಲ್ಲಿ ಒಬ್ಬನಿಗೆ ಮಾತ್ರ ರೋಗ.

ಏಳನೇ ದಿನದವರೆಗೂ ಸರಿಯಾಗೇ ಇತ್ತು. ಸೋಂಕು ತಗುಲದವರು 196 ಉಳಿದಿದ್ದರು. ಎಂಟನೇ ದಿನದ ಸಾಲಿನಲ್ಲಿ ಬಂದದ್ದು ಮೈನಸ್ 72. ಒಂಬತ್ತನೇ ದಿನ ಮತ್ತೆ ಪ್ಲಸ್ 50. ಹತ್ತನೇ ದಿನ ಮತ್ತೆ ಮೈನಸ್. ಸೂತ್ರದಲ್ಲಿ ತಪ್ಪಿರಬೇಕು ಅಂತ ಎರಡು ಗಂಟೆ ಹುಡುಕಿದೆ. ಸೂತ್ರ ಸರಿಯಾಗಿತ್ತು. ತಪ್ಪಿದ್ದು ಹೆಜ್ಜೆಯಲ್ಲಿ, ಅಂದರೆ ಒಂದು ಸಾಲಿಗೆ ಎಷ್ಟು ಹೊತ್ತು ಅನ್ನೋದರಲ್ಲಿ. ದಡಾರದಂಥ ವೇಗದ ರೋಗದಲ್ಲಿ ಬೆಳಗಿನ ಸಂಖ್ಯೆ ಹಿಡಿದು ಇಡೀ ದಿನಕ್ಕೆ ಲೆಕ್ಕ ಹಾಕಿದರೆ, ಮಧ್ಯಾಹ್ನದ ಹೊತ್ತಿಗೆ ಖಾಲಿಯಾದ ಡಬ್ಬಿಯಿಂದಲೂ ಸಂಜೆ ಜನರನ್ನು ತೆಗೆಯುತ್ತಿರುತ್ತೇವೆ. ಸ್ಪ್ರೆಡ್‌ಶೀಟಿಗೆ ಅದು ಗೊತ್ತಾಗಲ್ಲ. ದಿನವನ್ನು ಹತ್ತು ಭಾಗ ಮಾಡಿ, ಒಂದೊಂದು ಸಾಲಿಗೆ ಹತ್ತನೇ ಒಂದು ದಿನ ಅಂತ ಬದಲಾಯಿಸಿದ ಮೇಲೆ ಮೈನಸ್ ಹೋಯಿತು. ಮೊದಲಿನ ಹಾಳೆಯಲ್ಲಿ ಒಂದೇ ಹೊತ್ತಿಗೆ ರೋಗ ಇರುವವರ ಗರಿಷ್ಠ ಸಂಖ್ಯೆ 906 ಬಂದಿತ್ತು. ಹೆಜ್ಜೆಯನ್ನು ಸಣ್ಣದು ಮಾಡುತ್ತಾ ಹೋದರೆ ಅದು 753ರ ಹತ್ತಿರ ಬಂದು ನಿಲ್ಲುತ್ತದೆ. ನೂರೈವತ್ತು ಜನರ ವ್ಯತ್ಯಾಸ, ಅದೂ ಸಾವಿರದಲ್ಲಿ! ರೋಗ ಅದೇ, ಸಮೀಕರಣ ಅದೇ, ಹೆಜ್ಜೆ ಮಾತ್ರ ಬೇರೆ.

ಇದನ್ನು ಪಾಠದಲ್ಲಿ ಹೇಳಿಲ್ಲ. ಮೊದಲು ಕೋಪ ಬಂತು. ಆದರೆ ಯೋಚಿಸಿದರೆ ಹೀಗೆ ಕೈ ಸುಟ್ಟುಕೊಂಡು ಕಲಿತದ್ದೇ ಒಳ್ಳೆಯದಾಯಿತು ಅನ್ನಿಸುತ್ತೆ. ಈಗ ಯಾವ ಮಾಡೆಲ್ ನೋಡಿದರೂ ಮೊದಲು ಕೇಳೋದು ಇದನ್ನೇ: ಹೆಜ್ಜೆ ಎಷ್ಟು, ಅರ್ಧ ಮಾಡಿದರೆ ಉತ್ತರ ಬದಲಾಗುತ್ತಾ. ಆದರೂ ಹೊಸಬರಿಗೆ ಒಂದು ಸಾಲಿನ ಎಚ್ಚರಿಕೆ ಕೊಡಬಹುದಿತ್ತು. ನನ್ನ ಜೊತೆ ಸೇರಿದ ಒಬ್ಬರು ಇದೇ ವಾರದಲ್ಲಿ ಬಿಟ್ಟು ಹೋದರು.

ನಾಲ್ಕನೇ ವಾರ ಹರ್ಡ್ ಇಮ್ಯುನಿಟಿ, ಅಂದರೆ ಸಾಕಷ್ಟು ಜನರಿಗೆ ರಕ್ಷಣೆ ಇದ್ದು ರೋಗ ಹಬ್ಬಲಾಗದ ಸ್ಥಿತಿ. ಸೂತ್ರ ಸುಲಭ: 1ನ್ನು ಆರ್ ನಾಟ್‌ನಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆಯಿರಿ. ಆರ್ ನಾಟ್ 3 ಇದ್ದರೆ ಮೂರರಲ್ಲಿ ಎರಡು ಭಾಗ ಜನರಿಗೆ ರಕ್ಷಣೆ ಇರಬೇಕು. ದಡಾರದ 15ಕ್ಕೆ ಸುಮಾರು 93 ಶೇಕಡ. ಎರಡು ಡೋಸ್ ಹಾಕಿದವರಲ್ಲೂ ಲಸಿಕೆ ಕೆಲಸ ಮಾಡೋದು ಸುಮಾರು 97 ಶೇಕಡ ಜನರಲ್ಲಿ. ಹಾಗಾಗಿ ಲಸಿಕೆ ಹಾಕಬೇಕಾದದ್ದು 96 ಶೇಕಡ ಮಂದಿಗೆ. ನೂರಕ್ಕೆ ನಾಲ್ಕು ಜನ ಬಿಟ್ಟುಹೋಗಬಹುದು, ಐದಾದರೆ ಲೆಕ್ಕ ತಪ್ಪುತ್ತದೆ. ದಡಾರದ ಲಸಿಕೆಗೆ ಯಾಕಿಷ್ಟು ಒತ್ತಾಯ ಮಾಡುತ್ತಾರೆ ಅಂತ ಕೇಳುವವರಿಗೆ ಈ ಎರಡು ಸಾಲಿನ ಲೆಕ್ಕ ತೋರಿಸಬೇಕು. ನಾನಂತೂ ತೋರಿಸುತ್ತಿದ್ದೇನೆ.

ಇದೇ ವಾರದಲ್ಲಿ ಇನ್ನೊಂದು ಮುಖ್ಯ ವಿಷಯ. ಆರ್ ನಾಟ್ 3 ಇದ್ದರೆ 67 ಶೇಕಡ ಜನರಿಗೆ ತಗುಲಿದ ಕೂಡಲೇ ರೋಗ ನಿಲ್ಲುತ್ತೆ ಅಂತ ನಾನು ತಿಳಿದಿದ್ದೆ. ನಿಲ್ಲಲ್ಲ. 67ಕ್ಕೆ ಅದು ಇಳಿಯಲು ಶುರುವಾಗುತ್ತೆ, ಅಷ್ಟೇ. ಆ ಹೊತ್ತಿಗೆ ರೋಗ ಹೊತ್ತು ತಿರುಗುತ್ತಿರುವವರು ಅಷ್ಟೊಂದು ಜನ ಇರುತ್ತಾರೆ, ಅವರು ಇನ್ನೂ ಹಚ್ಚುತ್ತಲೇ ಇರುತ್ತಾರೆ. ಬ್ರೇಕ್ ಒತ್ತಿದ ತಕ್ಷಣ ಬಸ್ಸು ನಿಲ್ಲಲ್ಲವಲ್ಲ, ಹಾಗೆ. ಕೊನೆಗೆ ಹೋಗಿ ನಿಲ್ಲೋದು 94 ಶೇಕಡದಲ್ಲಿ. ಅದೇ ರೋಗದ ಹರಡುವಿಕೆಯನ್ನು ಮಾಸ್ಕು, ಅಂತರ, ಗಾಳಿ ಬೆಳಕು ಇವುಗಳಿಂದ ಅರ್ಧಕ್ಕೆ, ಅಂದರೆ 1.5ಕ್ಕೆ ಇಳಿಸಿದರೆ ಒಟ್ಟು ತಗುಲುವುದು 58 ಶೇಕಡ ಮಂದಿಗೆ. ಅದಕ್ಕಿಂತ ದೊಡ್ಡ ಲಾಭ ಗರಿಷ್ಠ ಸಂಖ್ಯೆಯಲ್ಲಿದೆ. ಒಂದೇ ಹೊತ್ತಿಗೆ ಕಾಯಿಲೆ ಇರುವವರು 30 ಶೇಕಡದಿಂದ ಸುಮಾರು 6ಕ್ಕೆ ಇಳಿಯುತ್ತಾರೆ. ಹರಡುವಿಕೆ ಅರ್ಧ ಆದರೆ ಆಸ್ಪತ್ರೆಯ ಮೇಲಿನ ಭಾರ ಐದನೇ ಒಂದು ಭಾಗಕ್ಕೆ ಬರುತ್ತದೆ. 'ಗೆರೆ ತಗ್ಗಿಸಿ' ಅಂತ ಅಷ್ಟು ಬಡಿದುಕೊಂಡಿದ್ದು ಇದಕ್ಕೇ ಅಂತ ನನಗೆ ತಿಳಿದದ್ದು ಈಗ. ಈ ವಾರಕ್ಕೆ ಪೂರ್ತಿ ಐದು ಸ್ಟಾರ್.

ಇನ್ನು ಐದನೇ ವಾರ. ಇಲ್ಲಿ ನಿಜವಾದ ಅಂಕಿಅಂಶಕ್ಕೆ ಮಾಡೆಲ್ ಹೊಂದಿಸೋದು. ಕೊಡುವ ಉದಾಹರಣೆ ಈ ವಿಷಯ ಕಲಿಸುವ ಹೆಚ್ಚಿನವರು ಕೊಡುವುದೇ: 1978ರ ಆರಂಭದಲ್ಲಿ ಇಂಗ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ಹಬ್ಬಿದ ಫ್ಲೂ. 763 ಹುಡುಗರು. ಒಂದೊಂದು ದಿನ ಎಷ್ಟು ಹುಡುಗರು ಹಾಸಿಗೆ ಹಿಡಿದಿದ್ದರು ಅನ್ನೋ ಎಣಿಕೆ ಇದೆ. ಮೊದಲ ದಿನ 3, ಎರಡನೇ ದಿನ 8, ಒಂದು ವಾರದೊಳಗೆ 300ರ ಹತ್ತಿರ, ಎರಡು ವಾರದಲ್ಲಿ ಎಲ್ಲ ಮುಗಿದಿತ್ತು. ಎಸ್‌ಐಆರ್ ಮಾಡೆಲ್ ಇದಕ್ಕೆ ಅಚ್ಚು ಹಾಕಿದ ಹಾಗೆ ಕೂರುತ್ತದೆ. ಬೀಟಾ 1.66, ಗ್ಯಾಮಾ 0.45ರ ಆಸುಪಾಸು. ಆರ್ ನಾಟ್ ಸುಮಾರು 3.7. ಚುಕ್ಕೆಗಳ ಮೇಲೇ ಗೆರೆ ಹಾದುಹೋಗುತ್ತೆ. ವಿಡಿಯೋದಲ್ಲಿ ಸರ್ ಅದನ್ನು ತೋರಿಸಿ, "ಎಷ್ಟು ಸರಳವಾದ ಮಾಡೆಲ್, ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ" ಅಂತ ಮುಂದಕ್ಕೆ ಹೋದರು. ಈ ವಾರದ ಸರ್ ಬೇರೆ, ಮೇಡಂ ಅಲ್ಲ.

ನನಗೂ ಖುಷಿಯಾಗಿತ್ತು. ಆದರೆ ನಾಲ್ಕನೇ ವಾರದ ಪಾಠ ಇನ್ನೂ ತಲೆಯಲ್ಲಿತ್ತು. ಆರ್ ನಾಟ್ 3.7 ಅಂದರೆ ಒಟ್ಟು ಎಷ್ಟು ಜನಕ್ಕೆ ತಗುಲಬೇಕು? ಲೆಕ್ಕ ಹಾಕಿದೆ. 97 ಶೇಕಡ. ಅಂದರೆ 740ಕ್ಕೂ ಹೆಚ್ಚು ಹುಡುಗರು. ಆ ಶಾಲೆಯ ವರದಿಯಲ್ಲಿ ಎಷ್ಟು ಜನ ಹಾಸಿಗೆ ಹಿಡಿದರು ಅಂತಿದೆ? 512. ಶೇಕಡ 67.

ಮತ್ತೆ ಲೆಕ್ಕ ಹಾಕಿದೆ. ತಪ್ಪಿಲ್ಲ. ಇನ್ನೂರು ಚಿಲ್ಲರೆ ಹುಡುಗರ ವ್ಯತ್ಯಾಸ. ಹಾಗಿದ್ದೂ ಗೆರೆ ಅಷ್ಟು ಚೆನ್ನಾಗಿ ಹೇಗೆ ಕೂತಿತು?

ಒಂದು ಸಂಜೆ ಪೂರ್ತಿ ಇದಕ್ಕೇ ಕೊಟ್ಟೆ. ದಿನದಿನದ ಎಣಿಕೆಯನ್ನೆಲ್ಲ ಕೂಡಿದರೆ ಸುಮಾರು 1,550 ಬರುತ್ತದೆ. ಅಂದರೆ ಎಲ್ಲ ಹುಡುಗರೂ ಸೇರಿ ಮಲಗಿದ ದಿನಗಳು ಅಷ್ಟು. 512ರಿಂದ ಭಾಗಿಸಿದರೆ ಒಬ್ಬೊಬ್ಬನಿಗೆ ಸುಮಾರು ಮೂರು ದಿನ. ಮಾಡೆಲ್ ಏನು ಹೇಳುತ್ತೆ? ಗ್ಯಾಮಾ 0.45 ಅಂದರೆ ಒಬ್ಬೊಬ್ಬನಿಗೆ 2.2 ದಿನ ಮಾತ್ರ. 742 ಜನ, ತಲಾ 2.2 ದಿನ, ಗುಣಿಸಿದರೆ 1,600ರ ಆಸುಪಾಸು. ಸಿಕ್ಕಿತು! ಮಾಡೆಲ್ ಜನರನ್ನು ಜಾಸ್ತಿ ಮಾಡಿ, ದಿನಗಳನ್ನು ಕಡಿಮೆ ಮಾಡಿದೆ. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ಗೆರೆ ನೆಟ್ಟಗೆ ಕಾಣುತ್ತಿದೆ.

ತಗುಲಿದವರು 67 ಶೇಕಡ ಮಾತ್ರ, ಮೊದಲು ಯಾರಿಗೂ ರಕ್ಷಣೆ ಇರಲಿಲ್ಲ ಅಂತ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ಆರ್ ನಾಟ್ 1.7ರ ಹತ್ತಿರ ಬರುತ್ತದೆ. 3.7 ಎಲ್ಲಿ, 1.7 ಎಲ್ಲಿ!

ಪ್ರಶ್ನೆ ಕೇಳುವ ಜಾಗದಲ್ಲಿ ಇದನ್ನು ಲೆಕ್ಕ ಸಮೇತ ಬರೆದೆ. ಹನ್ನೊಂದು ದಿನ ಉತ್ತರ ಇಲ್ಲ. ಆಮೇಲೆ ಬಂದದ್ದು, "ಇದು ಈ ಪಾಠದ ವ್ಯಾಪ್ತಿಗೆ ಬರುವುದಿಲ್ಲ" ಅನ್ನುವ ಒಂದು ಸಾಲು. ತುಂಬಾ ಬೇಸರ ಆಯಿತು. ಇದೇ ಪಾಠ ಅಲ್ವಾ? ನೈಜ ಅಂಕಿಅಂಶಕ್ಕೆ ಮಾಡೆಲ್ ಹೊಂದಿಸೋದು ಅಂದರೆ ಹೊಂದಿದ ಮೇಲೆ ಅದನ್ನು ಬೇರೆ ಕಡೆಯಿಂದ ಪರೀಕ್ಷೆ ಮಾಡೋದೂ ಸೇರಿ ತಾನೇ?

ಸರಿಯಾದ ಉತ್ತರ ಕೊಟ್ಟವರು ಸಹಪಾಠಿ ಒಬ್ಬರು, ವೃತ್ತಿಯಲ್ಲಿ ನರ್ಸ್. ಅವರು ಬರೆದದ್ದು ಸರಿಸುಮಾರು ಹೀಗೆ: "ಹಾಸಿಗೆ ಹಿಡಿದವನು ಐ ಡಬ್ಬಿಯವನಲ್ಲ ಮೇಡಂ. ಅವನನ್ನು ಆಗಲೇ ಬೇರೆ ಇಟ್ಟಿರುತ್ತಾರೆ. ಅವನು ಹಚ್ಚಿದ್ದು ಅದಕ್ಕೆ ಮೊದಲು, ಓಡಾಡುತ್ತಿದ್ದಾಗ. ನೀವು ಮಲಗಿದವರನ್ನು ಎಣಿಸಿ ಅವರೇ ಹರಡುವವರು ಅಂತ ಲೆಕ್ಕ ಹಾಕುತ್ತಿದ್ದೀರಿ." ಎಷ್ಟು ಸರಿಯಾದ ಮಾತು! ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಕಂಡದ್ದು ನಮಗೆ ಯಾರಿಗೂ ಕಂಡಿರಲಿಲ್ಲ.

ಅವರೂ ನಾನೂ ಸೇರಿ ಮುಂದಕ್ಕೆ ಯೋಚನೆ ಮಾಡಿದೆವು. ಹೆಚ್ಚುಕಮ್ಮಿ ಎಲ್ಲರಿಗೂ ತಗುಲಿತ್ತು, ಆದರೆ ಹತ್ತರಲ್ಲಿ ಏಳು ಜನ ಮಾತ್ರ ಮಲಗುವಷ್ಟು ಸುಸ್ತಾದರು, ಉಳಿದವರು ಓಡಾಡಿಕೊಂಡೇ ಇದ್ದರು ಅಂದುಕೊಂಡರೆ 512 ಬರುತ್ತದೆ. ಇಲ್ಲವೇ, ಮೂರನೇ ಒಂದು ಭಾಗ ಹುಡುಗರಿಗೆ ಹಿಂದಿನ ಯಾವುದೋ ಫ್ಲೂನಿಂದ ರಕ್ಷಣೆ ಇತ್ತು, ಉಳಿದವರಿಗೆಲ್ಲ ಬಂತು ಅಂದುಕೊಂಡರೂ ಅಷ್ಟೇ ಬರುತ್ತದೆ. ಹಾಸಿಗೆಯ ಎಣಿಕೆ ಒಂದನ್ನೇ ನೋಡಿ ಯಾವುದು ನಿಜ ಅಂತ ಹೇಳಲು ಆಗಲ್ಲ. ಆದರೆ ಮಾಡಬೇಕಾದ ಕೆಲಸ ಎರಡರಲ್ಲೂ ಬೇರೆ ಬೇರೆ. ಮೊದಲನೆಯದು ನಿಜ ಆದರೆ, ಜ್ವರ ಬಂದವರನ್ನು ಮಲಗಿಸಿದರೆ ಸಾಲದು, ಲಕ್ಷಣ ಇಲ್ಲದವರಿಂದಲೂ ಹರಡುತ್ತಿದೆ. ಎರಡನೆಯದು ನಿಜ ಆದರೆ ಜ್ವರ ಬಂದ ತಕ್ಷಣ ಬೇರೆ ಇಡೋದರಿಂದ ಸಾಕಷ್ಟು ತಡೆಯಬಹುದು. ಒಂದೇ ಗೆರೆ, ಎರಡು ಕಥೆ. ಕೋರ್ಸಿನಲ್ಲಿ ಹೇಳಬೇಕಾಗಿದ್ದು ಇದನ್ನೇ.

ಹೀಗೆ ಆಗಿದ್ದು ಇದೇ ಮೊದಲಲ್ಲ ಅನ್ನೋದು ಇನ್ನೂ ಬೇಸರದ ವಿಷಯ. ಕರ್ಮಾಕ್, ಮೆಕೆಂಡ್ರಿಕ್ ಅವರ 1927ರ ಲೇಖನದಲ್ಲೂ ಒಂದು ಪ್ರಸಿದ್ಧ ಗ್ರಾಫ್ ಇದೆ. ಬಾಂಬೆ ಪ್ಲೇಗಿನದು, 1905ರ ಡಿಸೆಂಬರ್‌ನಿಂದ 1906ರ ಜುಲೈವರೆಗೆ ವಾರವಾರದ ಸಾವುಗಳು. ಅಲ್ಲೂ ಗೆರೆ ಬಹಳ ಚೆನ್ನಾಗಿ ಕೂತಿದೆ. ಆದರೆ ಆ ಪ್ಲೇಗು ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದಲ್ಲ. ಇಲಿಗಳಲ್ಲಿ ಹರಡಿ, ಇಲಿಗಳ ಚಿಗಟದಿಂದ ಜನರಿಗೆ ಬಂದದ್ದು. ಅದೂ ವರ್ಷ ವರ್ಷ ಕಾಲ ನೋಡಿ ಏರುತ್ತಿತ್ತು, ಸೆಕೆ ಜಾಸ್ತಿಯಾದರೆ ಇಳಿಯುತ್ತಿತ್ತು. ಅಂದರೆ ಸಾವು ಇಳಿದದ್ದು ರೋಗ ಬರದವರು ಖಾಲಿಯಾದರು ಅಂತಲೇ ಇರಬೇಕಿಲ್ಲ, ಹವಾಮಾನವೂ ಕಾರಣ. ಬರೆದವರಿಗೆ ಇಲಿಗಳ ವಿಷಯ ಗೊತ್ತಿತ್ತು, ತಮ್ಮ ಲೆಕ್ಕ ಅಂದಾಜಿನದು ಅಂತ ಒಪ್ಪಿಕೊಂಡೇ ಬರೆದಿದ್ದರು. ಆಮೇಲಿನವರು ಗ್ರಾಫ್ ಇಟ್ಟುಕೊಂಡು ಆ ಮಾತನ್ನು ಬಿಟ್ಟರು. ನಮ್ಮ ಕೋರ್ಸಿನ ಸ್ಲೈಡಿನಲ್ಲೂ ಗ್ರಾಫ್ ಮಾತ್ರ ಇದೆ, ಇಲಿ ಇಲ್ಲ.

ಆರನೇ ವಾರ ಮತ್ತೆ ಮೇಡಂ ಬಂದರು, ಮತ್ತೆ ಜೀವ ಬಂತು. ಇಲ್ಲಿ ಅದೃಷ್ಟದ ಲೆಕ್ಕ. ಎಸ್‌ಐಆರ್ ಸಮೀಕರಣದಲ್ಲಿ ಆರ್ ನಾಟ್ 2 ಇದ್ದರೆ ಒಬ್ಬ ರೋಗಿ ಬಂದರೂ ಹಬ್ಬಿಯೇ ಹಬ್ಬುತ್ತದೆ. ಆದರೆ ನಿಜದಲ್ಲಿ ಆ ಒಬ್ಬ ಯಾರನ್ನೂ ಭೇಟಿಯಾಗದೆ ಗುಣವಾಗಬಹುದಲ್ಲ? ಒಂದೊಂದು ಹೆಜ್ಜೆಗೂ ದಾಳ ಹಾಕಿದಂತೆ ಲೆಕ್ಕ ಮಾಡಿದರೆ ಅರ್ಧಕ್ಕರ್ಧ ಸಲ ರೋಗ ಶುರುವಿನಲ್ಲೇ ಆರಿಹೋಗುತ್ತದೆ. ನಾನು ನೂರು ಸಲ ಓಡಿಸಿದೆ, 46 ಸಲ ಆರಿತು. ಮೂರು ಜನ ರೋಗಿಗಳಿಂದ ಶುರು ಮಾಡಿದರೆ ಆರುವ ಸಾಧ್ಯತೆ ಎಂಟರಲ್ಲಿ ಒಂದಕ್ಕೆ ಇಳಿಯುತ್ತೆ. ಮೊದಲ ಒಂದಿಬ್ಬರು ರೋಗಿಗಳನ್ನು ಬೇಗ ಪತ್ತೆ ಹಚ್ಚೋದಕ್ಕೆ ಇರುವ ಬೆಲೆ ಏನು ಅಂತ ಇದರಿಂದ ಗೊತ್ತಾಗುತ್ತೆ. 2003ರಲ್ಲಿ ಹಬ್ಬಿದ ಸಾರ್ಸ್ ಅನ್ನೋ ಉಸಿರಾಟದ ಕಾಯಿಲೆಯಲ್ಲಿ ಹೆಚ್ಚಿನ ರೋಗಿಗಳು ಯಾರಿಗೂ ಹಚ್ಚಲಿಲ್ಲ, ಕೆಲವೇ ಕೆಲವರು ಬಹಳ ಜನಕ್ಕೆ ಹಚ್ಚಿದರು. ಸರಾಸರಿ ಅನ್ನೋ ಒಂದು ಸಂಖ್ಯೆಯ ಹಿಂದೆ ಇಷ್ಟೆಲ್ಲ ಇದೆ ಅಂತ ಈ ವಾರ ತೋರಿಸಿಕೊಟ್ಟಿತು.

ಏಳನೇ ವಾರ ಅವಸರದಲ್ಲಿ ಮುಗಿಸಿದ್ದಾರೆ. ಎಸ್‌ಇಐಆರ್, ಅಂದರೆ ಸೋಂಕು ತಗುಲಿ ಇನ್ನೂ ಹರಡಲು ಶುರುವಾಗದವರಿಗೆ ನಾಲ್ಕನೇ ಡಬ್ಬಿ. ಆಮೇಲೆ ಯಾವ ವಯಸ್ಸಿನವರು ಯಾರ ಜೊತೆ ಬೆರೆಯುತ್ತಾರೆ ಅನ್ನೋ ಲೆಕ್ಕ. ಎರಡಕ್ಕೂ ಸೇರಿ ನಲವತ್ತು ನಿಮಿಷ. ಸಾಲದು.

ಎಂಟನೇ ವಾರ ಮಾಡೆಲ್‌ಗಳು ಹೇಳಿದ್ದೇನು, ಆದದ್ದೇನು ಅನ್ನೋ ಚರ್ಚೆ. 2014ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಆಫ್ರಿಕಾದ ಎಬೋಲಾ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಅಂದಾಜು ಕೊಟ್ಟಿತ್ತು. ಹೆಚ್ಚಿನ ಕ್ರಮ ಏನೂ ತಗೊಳ್ಳದೇ ಇದ್ದರೆ 2015ರ ಜನವರಿ 20ರ ಹೊತ್ತಿಗೆ ಲೈಬೀರಿಯಾ, ಸಿಯೆರಾ ಲಿಯೋನ್ ಎರಡರಲ್ಲೇ 14 ಲಕ್ಷ ಜನಕ್ಕೆ ಬರಬಹುದು ಅಂತ. ಕೊನೆಗೆ ಇಡೀ ಪಿಡುಗಿನಲ್ಲಿ ದಾಖಲಾದದ್ದು ಸುಮಾರು 28,600. 2020ರ ಮಾರ್ಚ್ 16ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಏನೂ ಮಾಡದಿದ್ದರೆ ಬ್ರಿಟನ್ನಿನಲ್ಲಿ 5,10,000, ಅಮೆರಿಕದಲ್ಲಿ 22 ಲಕ್ಷ ಸಾವು ಅಂದಿದ್ದರು. ಜನ ಇವನ್ನು ಸುಳ್ಳು ಭವಿಷ್ಯ ಅಂತ ಆಡಿಕೊಂಡರು. ಆದರೆ 'ಏನೂ ಮಾಡದಿದ್ದರೆ' ಅನ್ನೋ ಮಾತು ಬಿಟ್ಟು ಸಂಖ್ಯೆ ಮಾತ್ರ ಹಿಡಿದುಕೊಂಡರೆ ಅದು ಹೇಳಿದವರ ತಪ್ಪಲ್ಲ. ಜನ ಕೈ ಕಟ್ಟಿ ಕೂರಲಿಲ್ಲ, ಹಾಗಾಗಿ ಸಂಖ್ಯೆ ಬದಲಾಯಿತು. ಹಾಗಂತ ತಪ್ಪಿದ್ದಕ್ಕೆಲ್ಲ ಇದೇ ನೆಪ ಹೇಳುವ ಹಾಗೂ ಇಲ್ಲ. ಸಂಖ್ಯೆ ಕೊಡುವವರು ಅದರ ಜೊತೆ ಶರತ್ತನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಈ ಎರಡು ಮಾತನ್ನೂ ಕೋರ್ಸಿನಲ್ಲಿ ನೇರವಾಗಿ ಹೇಳಿದ್ದಾರೆ, ಮೆಚ್ಚಿದೆ.

ಉಳಿದ ವಿಷಯ ಬೇಗ ಹೇಳಿಬಿಡುತ್ತೇನೆ. ವಾರಕ್ಕೆ ನಾಲ್ಕು ಗಂಟೆ ಸಾಕು ಅಂತ ಹಾಕಿದ್ದಾರೆ, ನನಗೆ ಏಳೆಂಟು ಗಂಟೆ ಹಿಡಿಯಿತು. ವಿಡಿಯೋ ಸ್ಪಷ್ಟವಾಗಿದೆ, ಧ್ವನಿಯೂ ಚೆನ್ನಾಗಿದೆ. ಪಿಯುಸಿ ಮಟ್ಟದ ಗಣಿತ ನೆನಪಿದ್ದರೆ ಸಾಕು, ಕ್ಯಾಲ್ಕುಲಸ್ ಮರೆತಿದ್ದರೂ ಮೂರನೇ ವಾರದ ಸ್ಪ್ರೆಡ್‌ಶೀಟ್ ದಾರಿಯಲ್ಲಿ ಹೋಗಬಹುದು. ಕೊನೆಯ ಪ್ರಾಜೆಕ್ಟಿಗೆ ಅಂಕ ಕೊಡೋದು ಸಹಪಾಠಿಗಳು. ನನ್ನದನ್ನು ನೋಡಿದ ಮೂವರಲ್ಲಿ ಒಬ್ಬರು ಓದದೇ ಅಂಕ ಹಾಕಿದ್ದು ಗೊತ್ತಾಗುತ್ತಿತ್ತು, ಇನ್ನೊಬ್ಬರು ಒಂದು ಪುಟ ಟಿಪ್ಪಣಿ ಬರೆದಿದ್ದರು. ಸರ್ಟಿಫಿಕೇಟ್‌ಗಾಗಿ ಸೇರುವವರು ಸೇರಿ, ಆದರೆ ಪ್ರತಿ ವಾರದ ಲೆಕ್ಕವನ್ನು ಕೈಯಾರೆ ಮಾಡದೆ ಮುಂದೆ ಹೋಗಬೇಡಿ. ವಿಡಿಯೋ ನೋಡಿ ತಲೆ ಆಡಿಸಿದರೆ ಏನೂ ಉಳಿಯಲ್ಲ.

ಆರೋಗ್ಯ ಇಲಾಖೆಗಳಲ್ಲಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಇಂಥ ಕೋರ್ಸಿಗೆ ಬರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಗಣಿತದವರು ಬೇಕಾದಷ್ಟು ಜನ ಇದ್ದರು. ಹಾಸಿಗೆ ಹಿಡಿದವನು ಹರಡುವವನಲ್ಲ ಅಂತ ಹೇಳಿದ್ದು ಒಬ್ಬ ನರ್ಸ್.

ನನ್ನ ಪ್ರಾಜೆಕ್ಟಿನಲ್ಲಿ ಆ 763 ಹುಡುಗರ ಲೆಕ್ಕವನ್ನೇ ಎರಡು ರೀತಿ ಮಾಡಿ, ಎರಡೂ ಗ್ರಾಫನ್ನು ಅಕ್ಕಪಕ್ಕ ಹಾಕಿ ಸಲ್ಲಿಸಿದೆ. ಜೊತೆಗೆ ಕೋರ್ಸಿನವರಿಗೂ ಒಂದು ಪತ್ರ ಬರೆದು, ಐದನೇ ವಾರದ ಅಸೈನ್‌ಮೆಂಟಿಗೆ 512 ಅನ್ನೋ ಸಂಖ್ಯೆ ಸೇರಿಸಿ, 'ನಿಮ್ಮ ಮಾಡೆಲ್ ಎಷ್ಟು ಜನ ಅನ್ನುತ್ತೆ, ವರದಿ ಎಷ್ಟು ಅನ್ನುತ್ತೆ' ಅಂತ ಒಂದೇ ಒಂದು ಪ್ರಶ್ನೆ ಕೇಳಿ ಅಂತ ಹೇಳಿದೆ. ಮುಂದಿನ ಬ್ಯಾಚಿಗೆ ನೋಡುತ್ತೇವೆ ಅಂತ ಉತ್ತರ ಬಂದಿದೆ. ಆ ಪ್ರಶ್ನೆ ಸೇರಿದ ದಿನ ಇಲ್ಲಿಗೆ ಬಂದು ಐದನೇ ಸ್ಟಾರ್ ಹಾಕುತ್ತೇನೆ.